ಕೈಕಾಲು ಜೋಮು: ಥೈರಾಯ್ಡೋ, ಬೆನ್ನುಹುರಿಯೋ? ಪತ್ತೆ ಹಚ್ಚುವ ಬಗೆ

ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಗ್ರಂಥಿ ಸೋತಾಗ ಇದು ಏರುತ್ತದೆ) ಏರಿದೆ ಎಂದು ಗೊತ್ತಾದದ್ದೇ ತಡ, ಜೋಮು, ನಿಶ್ಶಕ್ತಿ, ತೂರಾಡುವ ನಡಿಗೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಿಬಿಡುತ್ತೇವೆ. ಬೆನ್ನುಹುರಿಯ ತೊಂದರೆ ಕಣ್ತಪ್ಪುವುದು ಇಲ್ಲಿಯೇ.

ಮೊದಲು ಜೋಮು ಎಲ್ಲಿದೆ ನೋಡಿ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಮಣಿಕಟ್ಟಿನ ಅಂಗಾಂಶ ಊದಿ ನರವನ್ನು ಒತ್ತುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಮರಗಟ್ಟುತ್ತವೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗದು. ತೊಡೆಯ ಸ್ನಾಯು ಸೋತು, ಕುಳಿತಲ್ಲಿಂದ ಏಳುವುದು ಕಷ್ಟವಾಗುತ್ತದೆ. ಬೆನ್ನುಹುರಿಯ ಲಕ್ಷಣವೇ ಬೇರೆ: ಎದೆಗೋ ಹೊಟ್ಟೆಗೋ ಪಟ್ಟಿ ಬಿಗಿದಂಥ ಭಾವನೆ, ಅದರ ಕೆಳಗೆಲ್ಲ ಸ್ಪರ್ಶ ಮಂದ, ಕಾಲುಗಳಲ್ಲಿ ಸೆಟೆತ.

ಆಮೇಲೆ ವೈದ್ಯರ ಸುತ್ತಿಗೆ. ಹಿಮ್ಮಡಿಯಿಂದ ತುಸು ಮೇಲಿನ ಸ್ನಾಯುರಜ್ಜುವಿಗೆ ತಟ್ಟಿದಾಗ ಜಿಗಿದ ಪಾದ ನಿಧಾನವಾಗಿ ಹಿಂದಿರುಗಿದರೆ ಹಾರ್ಮೋನ್ ಕೊರತೆಯ ಗುಮಾನಿ. ಹಾರ್ಮೋನ್ ಹೆಚ್ಚಾದಾಗಲೂ, ಬೆನ್ನುಹುರಿ ಕೆಟ್ಟಾಗಲೂ ಜಿಗಿತ ಬಿರುಸಾಗುತ್ತದೆ. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೆದ್ದರೆ ಮಾತ್ರ ಬೆನ್ನುಹುರಿ ಅಥವಾ ಮೆದುಳಿನತ್ತ ನೋಡಬೇಕು.

ಇವೆರಡರ ನಡುವಿನ, ಹೆಚ್ಚಿನವರು ಮರೆಯುವ ಕೊಂಡಿ ವಿಟಮಿನ್ ಬಿ12. ಥೈರಾಯ್ಡ್ ಮೇಲೆ ದಾಳಿ ಮಾಡುವ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಜಠರದ ಕೋಶಗಳನ್ನೂ ಹಾಳುಮಾಡುತ್ತದೆ. ಆಗ ಉಂಡ ಬಿ12 ಮೈಗೆ ಹತ್ತದು. ಬೆನ್ನುಹುರಿಯ ಹಿಂಬದಿ ಮತ್ತು ಪಕ್ಕದ ನರತಂತುಗಳ ಮಯಲಿನ್ ಹೊದಿಕೆ ಕಳಚುತ್ತದೆ. ಪಾದ ಜೋಡಿಸಿ ಕಣ್ಣು ಮುಚ್ಚಿದರೆ ದೇಹ ವಾಲುತ್ತದೆ (ಪಕ್ಕದಲ್ಲಿ ಒಬ್ಬರು ಇರಲಿ), 128 ಹರ್ಟ್ಸ್ ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಕಂಪನ ಕಾಲ್ಬೆರಳಿಗೆ ತಿಳಿಯದು. ಬಿ12 ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆಯೇ. 200ರಿಂದ 300ರೊಳಗಿದ್ದರೆ, ಬಿ12 ಸಾಲದಾಗ ಏರುವ ಮೀಥೈಲ್‌ಮೆಲೋನಿಕ್ ಆಮ್ಲ ಪರೀಕ್ಷಿಸಬೇಕು. ಬರೀ ಫೋಲಿಕ್ ಆಮ್ಲ ನುಂಗಿದರೆ ಬಿ12 ಕೊರತೆಯಿಂದಾದ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಹುರಿ ಮಾತ್ರ ಸವೆಯುತ್ತಲೇ ಇರುತ್ತದೆ.

ಥೈರಾಯ್ಡ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, 30ರಿಂದ 60 ನಿಮಿಷ ಬಿಟ್ಟು ತಿನ್ನಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ 4 ಗಂಟೆ ಅಂತರವಿರಲಿ. ಇಲ್ಲದಿದ್ದರೆ ಅವು ಕರುಳಿನಲ್ಲೇ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಯೋಟಿನ್ (ಕೂದಲು, ಉಗುರಿಗೆಂದು ನುಂಗುವ ಬಿ ವಿಟಮಿನ್) ಸೇವಿಸುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ, ಅದು ಫಲಿತಾಂಶವನ್ನೇ ತಿರುಚುತ್ತದೆ. ಥೈರಾಯ್ಡ್ ಗುಳಿಗೆಯ ಪ್ರಮಾಣ ಬದಲಾದ ಮೇಲೆ 6ರಿಂದ 8 ವಾರಕ್ಕೆ ಮರುಪರೀಕ್ಷೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಟಿಎಸ್‌ಎಚ್ ಏರದೆ ಟಿ3 (ಥೈರಾಯ್ಡ್ ಹಾರ್ಮೋನುಗಳಲ್ಲೊಂದು) ಮಾತ್ರ ಇಳಿದಿದ್ದರೆ ಅದು ಸಾಮಾನ್ಯವಾಗಿ ತೀವ್ರ ಅಸ್ವಸ್ಥತೆಯ ಪರಿಣಾಮ. ಅಷ್ಟಕ್ಕೇ ಗುಳಿಗೆ ಶುರುಮಾಡುವುದಿಲ್ಲ.

ಹಾರ್ಮೋನ್ ಹೆಚ್ಚಿರುವವರಿಗೆ ಬೆಳಗ್ಗೆ ಏಳುವಾಗ ಕಾಲುಗಳೇ ಏಳದಿದ್ದರೆ ತಕ್ಷಣ ರಕ್ತದ ಪೊಟ್ಯಾಸಿಯಂ ನೋಡಿಸಬೇಕು. ಮೂತ್ರ ಕಟ್ಟಿದರೆ, ಕೂರುವ ಭಾಗ ಮರಗಟ್ಟಿದರೆ, ಗಂಟೆಗಂಟೆಗೂ ಬಲ ಕುಂದುತ್ತಿದ್ದರೆ ಅಂದೇ ಎಂಆರ್‌ಐ ಆಗಬೇಕು. ಆದರೆ ಸೊಂಟದ್ದೊಂದೇ ಸಾಲದು. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಕಶೇರುಕದ ಬಳಿಯೇ ಮುಗಿದುಹೋಗುತ್ತದೆ. ಕಾಲು ಸೆಟೆಯುವ ಕಾರಣ ಕುತ್ತಿಗೆಯಲ್ಲಿಯೂ ಇರಬಹುದು.