ಕರಾವಳಿ ಸೆಕೆಯಲ್ಲಿ ಸ್ಕೂಬಾ ಟ್ಯಾಂಕ್ ತುಂಬುವ ಬಗೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಡೈವರ್‌ಗಳಿಗೆ 'ಅಲ್ಯೂಮಿನಿಯಂ 80' ಎಂಬ ಟ್ಯಾಂಕ್ ಸಾಕು. ಹೆಸರಿಗೆ 80 ಘನ ಅಡಿ, ಹಿಡಿಯುವುದು 77ರ ಆಸುಪಾಸು. ನಾನು ಲೀಟರಿನಲ್ಲೇ ಲೆಕ್ಕ ಹಾಕುವುದು: 11.1 ಲೀಟರ್ ಟ್ಯಾಂಕ್, 200 ಬಾರ್ ಒತ್ತಡ, ಸುಮಾರು 2,200 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ, ಒತ್ತಡ ಇಮ್ಮಡಿಯಾಗುವುದರಿಂದ, 40 ಬೇಕು. 50 ಬಾರ್ ಉಳಿಸಿ ಹತ್ತಬೇಕೆಂದರೆ ನಲವತ್ತು ನಿಮಿಷವೇ ಸಿಗುವುದು. ಆ ಗಾಳಿಗೂ ಎರಡೂವರೆ ಕಿಲೋ ತೂಕವಿದೆ. ತುಂಬಿದಾಗ ಮುಳುಗುವ ಟ್ಯಾಂಕ್ ಖಾಲಿಯಾಗುತ್ತಾ ತೇಲತೊಡಗುತ್ತದೆ. ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಲೆಕ್ಕ ಡೈವಿನ ಕೊನೆಗೆ ಹೊಂದುವಂತಿರಲಿ. 12 ಲೀಟರಿನ ಸ್ಟೀಲ್ ಹೀಗೆ ತೇಲುವುದಿಲ್ಲ, ಆದರೆ ಒಳಗೆ ಹನಿ ನೀರು ಸೇರಿದರೂ ತುಕ್ಕು.

ತುಂಬುವ ಮೊದಲು ಭುಜದ ಮೇಲಿನ ಅಚ್ಚು ಓದುತ್ತೇನೆ: ಎಷ್ಟು ಬಾರ್, ಕೊನೆಯ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆ) ಯಾವಾಗ. 6351 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಳೇ ಟ್ಯಾಂಕ್‌ಗಳ ಕುತ್ತಿಗೆಯಲ್ಲಿ ಬಿರುಕು ಬಿಡುವುದುಂಟು, ಅವನ್ನು ನಾನು ಮುಟ್ಟುವುದೇ ಇಲ್ಲ. ಒಳಗೆ ಒತ್ತಡವೇ ಇಲ್ಲದ ಟ್ಯಾಂಕ್ ಬಂದರೆ ಸಮುದ್ರದ ನೀರು ಹೊಕ್ಕಿರಬಹುದು; ವಾಲ್ವ್ ಬಿಚ್ಚಿ ಒಳಗೆ ನೋಡದೆ ತುಂಬುವುದಿಲ್ಲ. ಉಳಿದವುಗಳ ವಾಲ್ವನ್ನು ಅರೆಕ್ಷಣ ತೆರೆದು ಬಾಯಲ್ಲಿ ಕೂತ ಹನಿ ಹಾರಿಸಿ, ಆಮೇಲೆ ಹೋಸ್ ಸಿಕ್ಕಿಸುತ್ತೇನೆ.

ನಿಮಿಷಕ್ಕೆ 20–30 ಬಾರ್, ಅದಕ್ಕಿಂತ ಬೇಗ ಬೇಡ. ಬೇಗ ತುಂಬಿದರೆ ಟ್ಯಾಂಕ್ ಬಿಸಿಯಾಗುತ್ತದೆ. 50 ಡಿಗ್ರಿಯಲ್ಲಿ 207 ತೋರಿಸಿದ್ದು 30ಕ್ಕೆ ಆರಿದಾಗ 194 ಬಾರ್‌ಗೆ ಇಳಿಯುತ್ತದೆ. 'ಟ್ಯಾಂಕ್ ಕಡಿಮೆ ತುಂಬಿದ್ದೀರಿ' ಎಂಬ ದೂರು ಬರುವುದು ಹೀಗೇ. ಹಾಗಂತ ಮುಂಚೆಯೇ 220ಕ್ಕೆ ಏರಿಸಬಾರದು. ಆರಲು ಬಿಟ್ಟು ಮತ್ತೆ ಸ್ವಲ್ಪ ತುಂಬಬೇಕು.

ಕರಾವಳಿ ಗಾಳಿಯಲ್ಲಿ ತೇವ ವಿಪರೀತ. ಗಾಳಿ ಒತ್ತಿ ತುಂಬುವ ಕಂಪ್ರೆಸರಿನಲ್ಲಿ ಸೇರುವ ನೀರನ್ನು ಹತ್ತು ನಿಮಿಷಕ್ಕೊಮ್ಮೆ ಹೊರಬಿಡುತ್ತೇನೆ, ಇಲ್ಲದಿದ್ದರೆ ಫಿಲ್ಟರ್ ನೆನೆದು ಕೆಡುತ್ತದೆ. ಕರೆಂಟ್ ಹೋಗಿ ಜನರೇಟರ್ ಹಾಕಿದಾಗ ಗಾಳಿ ಎತ್ತ ಬೀಸುತ್ತಿದೆ ನೋಡಿ, ಕಂಪ್ರೆಸರ್ ಗಾಳಿ ಎಳೆಯುವ ಇನ್‌ಟೇಕ್ ಪೈಪನ್ನು ಹೊಗೆ ಬರದ ಕಡೆಗೆ ತಿರುಗಿಸಬೇಕು. ಹೊಗೆಯ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, 20 ಮೀಟರ್ ಆಳದಲ್ಲಿ ಅದರ ಒತ್ತಡ ಮೂರು ಪಟ್ಟು.

ಮುಗಿದ ಮೇಲೆ ಮೊದಲು ಟ್ಯಾಂಕಿನ ವಾಲ್ವ್, ಆಮೇಲೆ ಫಿಲ್ಲಿಂಗ್ ವಾಲ್ವ್ ಮುಚ್ಚಿ, ಹೋಸಿನ ಗಾಳಿ ಬಿಡಬೇಕು. ಹೋಸನ್ನು ಟ್ಯಾಂಕಿಗೆ ಬಿಗಿಯುವ ಯೋಕಿನ ತಿರುಪು ಬೆರಳಿಗೆ ಬಗ್ಗದಿದ್ದರೆ ಸ್ಪ್ಯಾನರ್ ಹುಡುಕಬೇಡಿ. ಹೋಸಿನಲ್ಲಿ ಇನ್ನೂ ಒತ್ತಡವಿದೆ.