ಲಿಂಕ್ ಕೊಳ್ಳಬೇಡಿ, ಗೊತ್ತಿದ್ದವರನ್ನು ಕೇಳಿ

ಹೋಮ್‌ಸ್ಟೇ, ಕಾಫಿಪುಡಿ, ಮಸಾಲೆ ಅಂತ ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಕೊಂಡವರಿಗೆ ಈ ಸಲಹೆ. "ಸಾವಿರ ಬ್ಯಾಕ್‌ಲಿಂಕ್ ಕೊಡ್ತೀವಿ" ಎಂಬ ಮೆಸೇಜ್ ನಂಬಿ ದಯವಿಟ್ಟು ದುಡ್ಡು ಸುರಿಯಬೇಡಿ. ಬ್ಯಾಕ್‌ಲಿಂಕ್ ಅಂದರೆ ಬೇರೆಯವರ ಸೈಟ್‌ನಿಂದ ನಿಮ್ಮ ಸೈಟ್‌ಗೆ ಬರುವ ಲಿಂಕ್. ರ‍್ಯಾಂಕಿಂಗ್‌ಗೋಸ್ಕರ (ಹುಡುಕಾಟದಲ್ಲಿ ಮೇಲೆ ಬರಲು) ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. 2012ರಲ್ಲಿ ಗೂಗಲ್ ಹುಡುಕಾಟ ವ್ಯವಸ್ಥೆಗೆ ಪೆಂಗ್ವಿನ್ ಎಂಬ ಅಪ್‌ಡೇಟ್ ಬಂದಾಗ ಇಂಥ ಲಿಂಕ್ ನೆಚ್ಚಿಕೊಂಡಿದ್ದ ಎಷ್ಟೋ ಸೈಟ್‌ಗಳು ಹುಡುಕಾಟದಲ್ಲಿ ಕೆಳಗೆ ಬಿದ್ದವು.

ಅದರ ಬದಲು, ಈಗಾಗಲೇ ನಿಮ್ಮ ಜೊತೆ ವ್ಯವಹಾರ ಇರುವವರನ್ನು ಕೇಳಿ. ನಿಮ್ಮ ತೋಟದ ಕಾಫಿ ತರಿಸುವ ಕೆಫೆಗೂ ಒಂದು ಸೈಟ್ ಇರುತ್ತದೆ ಅಲ್ವಾ? ಸುಮ್ನೆ "ಲಿಂಕ್ ಹಾಕಿ" ಅಂದರೆ ಯಾರೂ ಹಾಕುವುದಿಲ್ಲ, ಅವರಿಗೆ ಅದು ಹೆಚ್ಚುವರಿ ಕೆಲಸ. ಯಾವ ಪುಟದಲ್ಲಿ ಹಾಕಬಹುದು ಎಂದು ನೋಡಿ, ವಾಕ್ಯವನ್ನೂ ನೀವೇ ಬರೆದು ಕಳಿಸಿ: "ನಾವು ಬಳಸುವ ಬೀಜ ಸಕಲೇಶಪುರದ ಈ ತೋಟದ್ದು." ಆ ಲಿಂಕ್ ನಿಮ್ಮ ಮುಖಪುಟಕ್ಕಿಂತ ತೋಟದ ಫೋಟೊ, ವಿವರ ಇರುವ ಪುಟಕ್ಕೇ ಹೋಗಲಿ. ಓದಿದವರಿಗೆ ಬೇಕಾದದ್ದು ಅಲ್ಲೇ ಸಿಗುತ್ತದೆ.

ನಿಮ್ಮ ಅಂಗಡಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಯಾರೋ ಪ್ರವಾಸ ಬರಹದಲ್ಲಿ ನಿಮ್ಮನ್ನು ಹೊಗಳಿ, ಲಿಂಕ್ ಮಾತ್ರ ಕೊಟ್ಟಿರುವುದಿಲ್ಲ. ಇವರನ್ನು ಕೇಳುವುದು ಎಲ್ಲಕ್ಕಿಂತ ಸುಲಭ.

ಹೋಮ್‌ಸ್ಟೇಯವರು ಇನ್ನೊಂದು ಮಾಡಬಹುದು. ರೂಮಿನ ಫೋಟೊ ನೋಡಿ ಬೇರೆಯವರು ಲಿಂಕ್ ಕೊಡುವುದು ಕಡಿಮೆ. "ಮಳೆಗಾಲದಲ್ಲಿ ನಮ್ಮೂರಿಗೆ ಬರುವ ದಾರಿ" ಎಂದು ಬಸ್ ಸಮಯ, ಪೆಟ್ರೋಲ್ ಬಂಕ್, ನೆಟ್‌ವರ್ಕ್ ಸಿಗದ ಜಾಗ ಎಲ್ಲ ಬರೆದಿಡಿ. ಅಂಥ ಪುಟವನ್ನು ಜನ ತಾವಾಗಿಯೇ ಹಂಚುತ್ತಾರೆ.

ಯಾರು ಲಿಂಕ್ ಕೊಟ್ಟಿದ್ದಾರೆ ಎಂಬುದು, ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನವಾದ ಗೂಗಲ್ ಸರ್ಚ್ ಕನ್ಸೋಲ್‌ನ ಲಿಂಕ್ಸ್ ವಿಭಾಗದಲ್ಲಿ ಉಚಿತವಾಗಿ ಸಿಗುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು.