ಕಡಲತೀರ ಬಿಟ್ಟು ತೋಟದಲ್ಲಿ ಟೆಂಟ್: ನಮ್ಮ ಅಂಡಮಾನ್ ಲೆಕ್ಕ

ಅಂಡಮಾನಿಗೆ ಹೋಗಿ, ಟೆಂಟಿನಲ್ಲಿ ಮಲಗಿ, ಬೆಟ್ಟ ಹತ್ತಿ, ನಾಲ್ಕೈದು ದ್ವೀಪ ಸುತ್ತಿ, ತಲೆಗೆ 25 ಸಾವಿರದೊಳಗೆ ಊರಿಗೆ ಮರಳಬಹುದು. ನಾನು ಈ ಮಾತು ಎತ್ತಿದಾಗ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ನಮ್ಮ ಚಾರಣದ ಗುಂಪಿನಲ್ಲಿ ನಕ್ಕವರೇ ಜಾಸ್ತಿ. "ಟೆಂಟ್ ಹಾಕುವುದಾದರೆ ನಮ್ಮ ಪೊಸಡಿ ಗುಂಪೆ ಗುಡ್ಡೆ ಸಾಲದಾ ಭಾವ?" ಅಂತ ಒಬ್ಬರು ಕೇಳಿದರು. ಮಂಗಳೂರಿನ ಒಬ್ಬ ಏಜೆಂಟ್ ಪ್ಯಾಕೇಜಿಗೆ 40 ಸಾವಿರದ ಮೇಲೆ ಹೇಳಿದ, ವಿಮಾನದ ಟಿಕೆಟ್ ಬೇರೆ. "ಬೀಚಿನಲ್ಲಿ ಟೆಂಟ್ ಹಾಕಲಿಕ್ಕೆ ಬಿಡುವುದಿಲ್ಲ ಸಾರ್, ಸುಮ್ನೆ ತೊಂದರೆ" ಅಂತ ಹೆದರಿಸಿದ. ಬೀಚಿನ ಮಟ್ಟಿಗೆ ಅವನ ಮಾತು ಸರಿ. ಅಲ್ಲಿನ ಹಲವು ತೀರಗಳು ಅರಣ್ಯ ಇಲಾಖೆಯ ಕೈಯಲ್ಲಿವೆ, ಅನುಮತಿ ಇಲ್ಲದೆ ಮರಳಿನ ಮೇಲೆ ಗೂಟ ಹೊಡೆಯುವಂತಿಲ್ಲ. ಆದರೆ ಮಲಗಲಿಕ್ಕೆ ಮರಳೇ ಯಾಕೆ ಬೇಕು? ತೀರದ ಹಿಂದೆ ಅಡಿಕೆ ತೋಟ ಇದೆಯಲ್ಲ!

ಅಂಡಮಾನಿನಲ್ಲಿ ತೆಂಗು, ಅಡಿಕೆ ನಮ್ಮಲ್ಲಿಯ ಹಾಗೆಯೇ ಬೆಳೆಯುತ್ತವೆ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಗೂ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಅಲ್ಲಿಗೂ ಹಳೆಯ ನಂಟು. ಅವರದೊಂದು ತೆಂಗಿನ ತಳಿ ಸಂಗ್ರಹ ಪೋರ್ಟ್ ಬ್ಲೇರಿನ ಹತ್ತಿರ ಸಿಪ್ಪಿಘಾಟಿನಲ್ಲಿತ್ತು. 'ಅಂಡಮಾನ್ ಆರ್ಡಿನರಿ' ಅನ್ನುವ ತೆಂಗಿನ ತಳಿಯ ಹೆಸರು ನಮ್ಮ ಕೃಷಿಕರಿಗೆ ಗೊತ್ತಿರುವುದೇ. ಅಡಿಕೆ ಒಣಗಿಸಲು ಅಂಗಳ ಇರುವ ಮನೆ, ಬಾವಿ, ಪಕ್ಕದಲ್ಲಿ ಕಕ್ಕೂಸು: ಇಷ್ಟು ಸಿಕ್ಕಿದರೆ ಕ್ಯಾಂಪಿಗೆ ಮತ್ತೇನು ಬೇಕು? ಒಂದು ರಾತ್ರಿಗೆ ತಲೆಗೆ 200 ರೂಪಾಯಿಯ ಹಾಗೆ ಕೊಟ್ಟೆವು. ಒಂದು ಮನೆಯಲ್ಲಿ 150ಕ್ಕೇ ಒಪ್ಪಿದರು. ಆಧಾರ್ ಪ್ರತಿಗಳನ್ನು ನಾವೇ ಪೊಲೀಸ್ ಠಾಣೆಗೆ ಕೊಟ್ಟು ಬಂದೆವು. ಆಗ ಮನೆಯವರಿಗೂ ಧೈರ್ಯ.

ಮೊದಲು ಹಡಗಿನ ಕತೆ ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಚೆನ್ನೈಯಿಂದ ಹಡಗಿಗೆ ಸುಮಾರು 60 ಗಂಟೆ. ಬಂಕ್ ಕ್ಲಾಸಿನಲ್ಲಿ ಮೂರು ಸಾವಿರದೊಳಗೆ ಆಗುತ್ತದೆ, ಕೇಳಲಿಕ್ಕೆ ಚಂದ. ಆದರೆ ಹೊರಡುವ ದಿನ ಗೊತ್ತಾಗುವುದು ಸ್ವಲ್ಪ ದಿನ ಮೊದಲು ಮಾತ್ರ, ಅದೂ ಜಾರುತ್ತದೆ. ಮೊದಲ ಸಲ ನಾವು ಚೆನ್ನೈ ತಲುಪಿದ ಮೇಲೆ ಹಡಗು ಮುಂದಕ್ಕೆ ಹೋಯಿತು ಅಂತ ಗೊತ್ತಾಯಿತು. ಲಾಡ್ಜಿಗೆ, ಊಟಕ್ಕೆ, ಹಿಂದೆ ಬರುವ ರೈಲಿಗೆ ಅಂತ ತಲೆಗೆ ನಾಲ್ಕು ಸಾವಿರ ಹೋಯಿತು. ಮನೆಯಲ್ಲಿ ಅಡಿಕೆ ಕೊಯ್ಲು ಇರುವವನಿಗೆ ಹಡಗು ಆಗಿಬರುವುದಿಲ್ಲ. ಈಗ ಮಳೆಗಾಲದಲ್ಲೇ ಫೆಬ್ರವರಿಯ ವಿಮಾನ ಬುಕ್ ಮಾಡುತ್ತೇನೆ. ಚೆನ್ನೈಯಿಂದ ಹೋಗಿ ಬರಲು 11 ಸಾವಿರದ ಆಸುಪಾಸು. ಕಾಸರಗೋಡಿನಿಂದ ಚೆನ್ನೈಗೆ ರಾತ್ರಿ ರೈಲು ಇದ್ದೇ ಇದೆ.

ವಿಮಾನ ಅಂದರೆ 15 ಕಿಲೋ ಚೆಕ್‌ಇನ್, 7 ಕಿಲೋ ಕೈಚೀಲ. ಗ್ಯಾಸ್, ಸ್ಪಿರಿಟ್ಟು, ಸೀಮೆಎಣ್ಣೆ ಒಯ್ಯುವಂತಿಲ್ಲ. ಬೆಂಕಿಪೆಟ್ಟಿಗೆ ಕೂಡ ಅಲ್ಲಿಯೇ ಕೊಳ್ಳಬೇಕು. ಗುಂಪಿನವರು ಸೋತದ್ದು ಇಲ್ಲಿಯೇ. ಎಲ್ಲರೂ ಒಲೆ ಹೇಗೆ, ಇಂಧನ ಹೇಗೆ ಅಂತ ತಲೆ ಕೆಡಿಸಿಕೊಂಡರು. ತೋಟದಲ್ಲಿ ಇಂಧನಕ್ಕೆ ಬರವೇ? ತೆಂಗಿನ ಗೆರಟೆ (ಚಿಪ್ಪು), ಮಡಲು, ಕೊತ್ತಳಿಗೆ ಬೇಕಾದಷ್ಟು ಬಿದ್ದಿರುತ್ತದೆ. ನೀರ್ಚಾಲಿನಲ್ಲಿ ಒಬ್ಬ ವೆಲ್ಡಿಂಗಿನವನಿಂದ ಮಡಚುವ ತಗಡಿನ ಒಲೆ ಮಾಡಿಸಿದೆ. 600 ರೂಪಾಯಿ, ಒಂದು ಕಿಲೋಕ್ಕಿಂತ ಕಡಿಮೆ. ನಾಲ್ಕು ಗೆರಟೆಗೆ ಚಾಯ ಆಗುತ್ತದೆ. ಗಾಳಿ ಹೋಗುವ ಕಿಂಡಿ ಎಲ್ಲಿ, ಎಷ್ಟು ಅಗಲ ಇರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ಒಲೆ ಹಾಳು ಮಾಡಿದ್ದೇನೆ.

ಊಟದ ಪ್ರಯೋಗ ಇನ್ನೂ ಉದ್ದ. ಮಳೆಗಾಲದ ಅಡಿಕೆಗೆ ಅಂತ ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಮನೆಯಲ್ಲಿತ್ತು. ಅದರಲ್ಲಿ ಬೇಯಿಸಿದ ಕುಚ್ಚಲಕ್ಕಿ ಅನ್ನ ಒಣಗಿಸಿದೆ. ಮೊದಲ ಸಲ ದಪ್ಪ ಹರಡಿದ್ದಕ್ಕೆ ಹಸಿರು ಬೂಸಲು ಬಂತು, ದನಕ್ಕೂ ಹಾಕುವಂತಿರಲಿಲ್ಲ. ಎರಡನೆಯದು ಅಡಿಕೆಯ ವಾಸನೆ ಹೊಡೆಯಿತು. ಆಮೇಲೆ ಬೇರೆ ಟರ್ಪಾಲು, ಬೇರೆ ತಟ್ಟೆ, ತೆಳುವಾಗಿ ಹರಡುವುದು. ಬಿಸಿಲು ಇದ್ದರೆ ಎರಡು ದಿನ ಸಾಕು. ಇದರಿಂದ ಭಾರ ಕಡಿಮೆಯಾಗುವುದಿಲ್ಲ, ಅಕ್ಕಿಯಷ್ಟೇ ತೂಗುತ್ತದೆ. ಆದರೆ ಮುಕ್ಕಾಲು ಗಂಟೆ ಬೇಯುವ ಕುಚ್ಚಲಕ್ಕಿ ಹತ್ತು ನಿಮಿಷಕ್ಕೆ ಸಿದ್ಧ. ತೊವ್ವೆಯಲ್ಲೂ ಉಳಿಯುವುದು ಭಾರವಲ್ಲ, ಸಮಯವೇ. ತೊಗರಿಬೇಳೆ ಬೇಯಿಸಿ, ಒಣಗಿಸಿ, ಹುಡಿ ಮಾಡಿದರೆ ಮುಷ್ಟಿಯಷ್ಟರಲ್ಲಿ ಐದಾರು ಜನರ ಸಾರು. ತೆಂಗಿನಕಾಯಿ ಅರೆದು ಹಾಕಿದ್ದನ್ನು ಒಣಗಿಸಿದರೆ ಕಮಟು ವಾಸನೆ ಬರುತ್ತದೆ, ಹಾಗಾಗಿ ಕಾಯಿ ಹಾಕಲೇಬಾರದು. ಕಾಯಿ ಅಲ್ಲಿ ತೋಟದಲ್ಲೇ ಸಿಗುತ್ತದೆ. ಜೊತೆಗೆ ಹಲಸಿನ ಹಪ್ಪಳ, ಬಾಳಕ ಮೆಣಸು, ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಭರಣಿಯಲ್ಲಿ ಅಲ್ಲ, ಎರಡು ಪದರದ ಪ್ಲಾಸ್ಟಿಕ್‌ನಲ್ಲಿ, ಚೆಕ್‌ಇನ್ ಬ್ಯಾಗಿನಲ್ಲಿ. ಕತ್ತಿಯೂ ಅಲ್ಲಿಯೇ.

ಟೆಂಟಿನ ವಿಷಯದಲ್ಲಿ ದುಡ್ಡು ಜಾಸ್ತಿ ಪೋಲಾಯಿತು. ಆನ್‌ಲೈನಿನಲ್ಲಿ ತರಿಸಿದ ಎರಡು ಪದರದ ಟೆಂಟ್‌ಗಳಲ್ಲಿ ಒಂದರ ಕೋಲು ಕಣ್ವತೀರ್ಥದ ಗಾಳಿಗೇ ಮುರಿಯಿತು. ಇನ್ನೊಂದನ್ನು ವಲಿಯಪರಂಬದಲ್ಲಿ ಕವ್ವಾಯಿ ಹಿನ್ನೀರಿನ ಪಕ್ಕ ಹಾಕಿ ನೋಡಿದೆವು. ಒಳಗೆ ಸೆಕೆಗೆ ಯಾರೂ ಮಲಗಲಿಲ್ಲ. ಕೊನೆಗೆ ಅಡಿಕೆ ಮುಚ್ಚುವ ಟರ್ಪಾಲು ಮೇಲೆ, ದರ್ಜಿಯಿಂದ ಹೊಲಿಸಿದ ಪರದೆ ಒಳಗೆ, ನಾಲ್ಕು ಹಗ್ಗ. ಅಷ್ಟೇ ಟೆಂಟ್. ಪರದೆಗೆ 900 ರೂಪಾಯಿ ಬಿದ್ದಿರಬೇಕು. ಮಾಮೂಲಿ ಸೊಳ್ಳೆಪರದೆ ಬೇಡ, ಅಲ್ಲಿನ ಸ್ಯಾಂಡ್‌ಫ್ಲೈ (ಮರಳಿನಲ್ಲಿರುವ ಕಚ್ಚುವ ಸಣ್ಣ ನೊಣ) ಅದರ ತೂತಿನಲ್ಲಿ ಸಲೀಸಾಗಿ ನುಗ್ಗುತ್ತದೆ. ತೆಳು ವಾಯಿಲ್ ಬಟ್ಟೆಯೇ ಆಗಬೇಕು.

ತೋಟದ ಪರವಾಗಿ ನನ್ನ ದೊಡ್ಡ ವಾದ ಈ ಸ್ಯಾಂಡ್‌ಫ್ಲೈಯೇ. ಬೆಳಗ್ಗೆ, ಸಂಜೆ ಮರಳಿನ ಮೇಲೆ ಕೂತರೆ ಕಾಲು ಪೂರ್ತಿ ದಡಿಕೆ ಏಳುತ್ತದೆ, ವಾರಗಟ್ಟಲೆ ತುರಿಸುತ್ತದೆ. ತೀರದಿಂದ ಒಂದಿನ್ನೂರು ಮೀಟರ್ ಒಳಗೆ ಬಂದರೆ ಕಾಟ ತುಂಬ ಕಡಿಮೆ. ಮರಳಿಗೆ ಇಳಿಯುವ ಮೊದಲು ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚಬೇಕು, ಬೇಕಿದ್ದರೆ ಸ್ವಲ್ಪ ಡೆಟಾಲ್ ಸೇರಿಸಿ. ಅಲ್ಲಿನವರೂ ಇದನ್ನೇ ಮಾಡುತ್ತಾರೆ. ಮತ್ತೆ, ತೆಂಗಿನ ಬುಡದಲ್ಲಿ ಮಲಗಬಾರದು ಅಂತ ನಮ್ಮೂರಿನವರಿಗೆ ಹೇಳಬೇಕಾ? ಅಂಗಳದ ಅಂಚೇ ಸರಿ. ನಮ್ಮಲ್ಲೊಬ್ಬ ಎರಡು ಅಡಿಕೆ ಮರಗಳ ನಡುವೆ ಹ್ಯಾಮಕ್ ಕಟ್ಟಿದ. ಎರಡೂ ಮರ ಒಳಕ್ಕೆ ಬಾಗಿ ಅವನ ಬೆನ್ನು ನೆಲ ಮುಟ್ಟಿತು. ತೋಟದ ಯಜಮಾನ ಬಂಗಾಳಿಯಲ್ಲಿ ಏನೋ ಅಂದರು. ಭಾಷೆ ಬಾರದಿದ್ದರೂ ನಮಗೆಲ್ಲ ಅರ್ಥವಾಯಿತು.

ಇನ್ನು ದಾರಿ. ಎಲ್ಲರೂ ಮೊದಲು ಹ್ಯಾವ್‌ಲಾಕ್‌ಗೆ ಓಡುತ್ತಾರೆ. ನಾನು ಅದನ್ನು ತಿರುಗಿಸಿದೆ. ಇಳಿದ ಮರುದಿನವೇ ಬಸ್ಸಿನಲ್ಲಿ ಉತ್ತರದ ತುದಿಯ ಡಿಗ್ಲಿಪುರ, ಅಲ್ಲಿಂದ ಇಳಿಯುತ್ತಾ ರಂಗತ್, ಲಾಂಗ್ ಐಲ್ಯಾಂಡ್, ಕೊನೆಗೆ ಹ್ಯಾವ್‌ಲಾಕ್. ಬೆಟ್ಟ ಮೊದಲು, ಬೀಚು ಆಮೇಲೆ. ಊಟದ ಭಾರ ಇಳಿಯುತ್ತಾ ಬರುತ್ತದೆ, ರಂಗತ್‌ನಿಂದ ಈಚೆಗೆ ಹೋದ ರಸ್ತೆಯಲ್ಲೇ ವಾಪಸು ಬರಬೇಕಾಗಿಲ್ಲ, ಮತ್ತು ಮೈಕೈ ನೋವನ್ನು ಸಮುದ್ರ ನೋಡಿಕೊಳ್ಳುತ್ತದೆ.

ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು, ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪ್ ಆಗಿದೆ. ಬಾಯಲ್ಲಿ ಇನ್ನೂ ಹಳೆಯದೇ. ಬಸ್ಸು ನಸುಕಿನಲ್ಲಿ ಹೊರಡುತ್ತದೆ. ಜಿರ್ಕಾಟಾಂಗಿನಲ್ಲಿ ಎಲ್ಲ ವಾಹನಗಳನ್ನು ಸಾಲಾಗಿ ನಿಲ್ಲಿಸಿ, ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದೊಳಗೆ ಒಟ್ಟಿಗೆ ಬಿಡುತ್ತಾರೆ. ಅಲ್ಲಿ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಮೊಬೈಲ್ ಚೀಲದೊಳಗೆ ಹಾಕಿಬಿಡಿ, ಅಷ್ಟೇ. ಮಿಡಲ್ ಸ್ಟ್ರೇಟ್‌ನಲ್ಲಿ ಬಸ್ಸೇ ಫೆರಿ ಹತ್ತುತ್ತದೆ. ಸಂಜೆ ಹೊತ್ತಿಗೆ ಉತ್ತರ ಅಂಡಮಾನಿಗೆ ಒಯ್ಯುವ ಸೇತುವೆಗೆ ಚೆಂಗಪ್ಪ ಸೇತುವೆ ಅಂತ ಹೆಸರು. ಅಲ್ಲಿ ಅರಣ್ಯಾಧಿಕಾರಿಯಾಗಿದ್ದವರ ಹೆಸರಂತೆ. ಫಲಕ ನೋಡಿ ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ "ಹೋ, ಮಡಿಕೇರಿ ಬಂತು" ಅಂತ ಕೂಗು ಎದ್ದಿತು.

ಗಡಿಯಾರದ ವಿಷಯ ಒಂದು ಹೇಳಬೇಕು. ಸಮಯ ನಮ್ಮದೇ, ಆದರೆ ಸೂರ್ಯ ನಮ್ಮಲ್ಲಿಗಿಂತ ಒಂದು ಗಂಟೆಗೂ ಮೊದಲು ಬರುತ್ತಾನೆ, ಮೊದಲೇ ಹೋಗುತ್ತಾನೆ. ಫೆಬ್ರವರಿಯಲ್ಲಿ ಸಂಜೆ ಐದೂವರೆ ದಾಟಿದರೆ ಕತ್ತಲು. ನಾಲ್ಕಕ್ಕೆ ಟರ್ಪಾಲು ಕಟ್ಟಿರಬೇಕು, ಐದಕ್ಕೆ ಒಲೆ ಉರಿಯುತ್ತಿರಬೇಕು.

ಡಿಗ್ಲಿಪುರದ ಹತ್ತಿರ ಕಾಲಿಪುರದ ಕಡೆ ಮೊದಲ ತೋಟ. ಅಲ್ಲಿ ಹೆಚ್ಚಿನವರು ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರು. ಹಿಂದಿ ನಡೆಯುತ್ತದೆ. ದಕ್ಷಿಣ ಅಂಡಮಾನಿನಲ್ಲಿ ಮಂಜೇರಿ, ಕ್ಯಾಲಿಕಟ್ ಅಂತ ಊರುಗಳೇ ಇವೆ. 1921ರ ಮಲಬಾರ್ ದಂಗೆಯ ನಂತರ ಸಾಗಿಸಲ್ಪಟ್ಟ ಮಾಪಿಳ್ಳೆಗಳ ಊರು. ಅಲ್ಲಾದರೆ ನಮ್ಮ ಕಾಸರಗೋಡು ಮಲಯಾಳ ಸಾಕು. ಡಿಗ್ಲಿಪುರದ ಯಜಮಾನರಿಗೆ ಅಡಿಕೆ ಒಣಗಿಸುವುದೇ ದೊಡ್ಡ ತಲೆನೋವು. ಅಲ್ಲಿಗೆ ಮುಂಗಾರು, ಹಿಂಗಾರು ಎರಡೂ ಬರುತ್ತದೆ, ವರ್ಷಕ್ಕೆ 3000 ಮಿಲಿಮೀಟರಿನ ಹತ್ತಿರ ಮಳೆ. ನಮ್ಮ ಸೋಲಾರ್ ಗೂಡಿನ ಚಿತ್ರ ಬರೆದು, ಅಳತೆ ಹೇಳಿ ಕೊಟ್ಟೆ. ಆ ರಾತ್ರಿಯ ಬಾಡಿಗೆ ತೆಗೆದುಕೊಳ್ಳಲಿಲ್ಲ. ಬಿದ್ದ ಅಡಿಕೆ ಹಾಳೆಯನ್ನು ಅವರು ಸುಮ್ನೆ ಬಿಸಾಡುತ್ತಿದ್ದರು. ನಾವು ಅದರಲ್ಲೇ ಉಂಡೆವು. ನಮ್ಮಲ್ಲೊಬ್ಬ ಮುಟ್ಟಾಳೆ (ಹಾಳೆಯ ಟೋಪಿ) ಮಾಡಿ ಅವರ ಮೊಮ್ಮಗನ ತಲೆಗಿಟ್ಟ.

ಕಾಲಿಪುರದ ತೀರಕ್ಕೆ ನಾಲ್ಕು ಜಾತಿಯ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅದೇ ತಿಂಗಳುಗಳಲ್ಲಿ ನಾವೂ ಹೋಗುವುದು. ನೀಲೇಶ್ವರದ ತೈಕಡಪ್ಪುರದಲ್ಲಿ ಆಮೆ ಮೊಟ್ಟೆ ಕಾಯುವವರನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಆ ಮರಳಿನಲ್ಲಿ ಟಾರ್ಚು, ಬೆಂಕಿ ಎರಡೂ ಬೇಡ.

ಸ್ಯಾಡ್ಲ್ ಪೀಕ್ 732 ಮೀಟರ್, ಅಂಡಮಾನ್ ನಿಕೋಬಾರಿನಲ್ಲೇ ಎತ್ತರದ್ದು. ಕುಮಾರಪರ್ವತ ಹತ್ತಿದವರಿಗೆ ಇದು ಗುಡ್ಡೆ ಅನಿಸಬಹುದು. ಆದರೆ ಇಲ್ಲಿ ಹತ್ತುವುದು ಸಮುದ್ರದ ನೀರಿನ ಅಂಚಿನಿಂದಲೇ, ಹಸಿ ಸೆಕೆಯಲ್ಲಿ, ಒಂದು ಕಡೆಗೆ ಎಂಟು ಕಿಲೋಮೀಟರ್. ಅರಣ್ಯದ ಗೇಟಿನಲ್ಲಿ ಅನುಮತಿ ಮಾಡಿಸಿ, ಗೈಡ್ ಜೊತೆಗೆ, ಬೆಳಕು ಹರಿಯುವಾಗಲೇ ಹೊರಡಬೇಕು. ಮೊದಲಿಗೆ ತೀರದ ಉರುಟು ಕಲ್ಲುಗಳ ಮೇಲೆ ನಡಿಗೆ, ಕಾಲಿನ ಗಂಟು ಅಲ್ಲಿಯೇ ಸೋಲುತ್ತದೆ. ನಮ್ಮ ಜೊತೆಯ ಒಬ್ಬರ ಏಳು ಸಾವಿರದ ಬೂಟಿನ ಅಟ್ಟೆ ಕಿತ್ತು ಬಂತು, ಹಗ್ಗ ಸುತ್ತಿ ನಡೆದರು. ಬದಿಯಡ್ಕದಲ್ಲಿ ಕೊಂಡ 350 ರೂಪಾಯಿಯ ನನ್ನ ರಬ್ಬರ್ ಶೂಗೆ ಏನೂ ಆಗಲಿಲ್ಲ. ಜನಕ್ಕೆ ಮೂರು ಲೀಟರ್ ನೀರು ಬೇಕೇ ಬೇಕು. ರಾಣಿಪುರಂ ಹತ್ತಿ ಅಭ್ಯಾಸ ಮಾಡುವುದಾದರೆ ಚಳಿಗಾಲದಲ್ಲಿ ಹೋಗಬೇಡಿ, ಏಪ್ರಿಲ್ ಮಧ್ಯಾಹ್ನ ಹೋಗಿ. ಅದೇ ಸರಿಯಾದ ತಯಾರಿ. ಗುಂಪಿನಲ್ಲಿ ನಕ್ಕವರ ಪೈಕಿ ಇಬ್ಬರು ನಮ್ಮ ಜೊತೆ ಬಂದಿದ್ದರು. ತುದಿಗೆ ಮೊದಲು ಮುಟ್ಟಿದವನು ನಾನು, ಅವರಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಇಷ್ಟಾದರೂ ಬರೆದುಕೊಳ್ಳಬೇಡವೇ?

ಮರುದಿನ ಏರಿಯಲ್ ಬೇ ಜೆಟ್ಟಿಯಿಂದ ದೋಣಿಯಲ್ಲಿ ರಾಸ್ ಮತ್ತು ಸ್ಮಿತ್. ನೀರು ಇಳಿದಾಗ ಎರಡು ದ್ವೀಪಗಳ ನಡುವೆ ಮರಳಿನ ದಾರಿ ಏಳುತ್ತದೆ. ಪೋರ್ಟ್ ಬ್ಲೇರಿನ ಎದುರಿನ ರಾಸ್ ಬೇರೆ, ಅದು ಈಗ ನೇತಾಜಿ ಹೆಸರಿನ ದ್ವೀಪ. ದೋಣಿಗೆ ಐದು ಸಾವಿರದ ಹತ್ತಿರ ಕೇಳಿದರು. ಜೆಟ್ಟಿಯಲ್ಲಿ ಕಾದು ಬೇರೆ ಗುಂಪಿನ ಜೊತೆ ಸೇರಿಕೊಂಡೆವು, ತಲೆಗೆ 600ಕ್ಕೆ ಮುಗಿಯಿತು. ರಂಗತ್‌ನ ಯೆರಾಟಾ ಜೆಟ್ಟಿಯಿಂದ ಲಾಂಗ್ ಐಲ್ಯಾಂಡಿಗೆ ಸಣ್ಣ ಬೋಟು. ಅಲ್ಲಿಂದ ಕಾಡಿನೊಳಗೆ ಒಂದೂವರೆ ಗಂಟೆ ನಡೆದರೆ ಲಾಲಾಜಿ ಬೇ. ನಾನು ನೋಡಿದ ತೀರಗಳಲ್ಲಿ ಅದಕ್ಕೇ ಮೊದಲ ಸ್ಥಾನ, ಹ್ಯಾವ್‌ಲಾಕಿನ ರಾಧಾನಗರ ಆಮೇಲೆ. ಲಾಂಗ್ ಐಲ್ಯಾಂಡಿನಲ್ಲಿ ನಾವು ಉಳಿದ ತೋಟ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಮುಂದಿನ ವರ್ಷ ನಮಗೇ ಜಾಗ ಬೇಕು. ಎಲ್ಲ ಕಡೆಯೂ ಒಂದು ನಿಯಮ: ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೋಡುಗಳಲ್ಲಿ ಸ್ನಾನಕ್ಕೆ ಇಳಿಯಬಾರದು. ಉಪ್ಪುನೀರಿನ ಮೊಸಳೆ ಇದೆ, ಎಚ್ಚರಿಕೆಯ ಫಲಕ ಇದ್ದಲ್ಲಿ ಸಮುದ್ರಕ್ಕೂ ಇಳಿಯಬಾರದು. ಹವಳ, ಚಿಪ್ಪು ಚೀಲಕ್ಕೆ ಹಾಕಿದರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ.

ಸೋಲಾರ್ ಪ್ಯಾನಲ್ ಒಂದು ಒಯ್ದಿದ್ದೆವು, ತೋಟದ ನೆರಳಿನಲ್ಲಿ ಅದು ದಂಡ. ಮನೆಯವರ ಪ್ಲಗ್ಗಿನಲ್ಲೇ ಚಾರ್ಜು ಆಯಿತು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ವಿಮಾನ 11 ಸಾವಿರ, ಚೆನ್ನೈ ರೈಲು ಎರಡೂ ಕಡೆ ಸಾವಿರ, ಒಳಗಿನ ಬಸ್ಸು ಮತ್ತು ಸರ್ಕಾರಿ ಫೆರಿ ಎರಡೂವರೆ, ತೋಟದ ಬಾಡಿಗೆ ಎರಡು, ಗೈಡ್, ಅನುಮತಿ, ದೋಣಿ ಎಲ್ಲ ಸೇರಿ ಎರಡು, ಹೋಟೆಲಿನ ಊಟ, ಚಾಯ, ಮೀನು ಮೂರು. ಹ್ಯಾವ್‌ಲಾಕಿನಲ್ಲಿ ಸ್ನಾರ್ಕ್‌ಲಿಂಗ್ ಮಾಡಿದವರಿಗೆ ಇನ್ನೊಂದು ಸಾವಿರ. 22 ಸಾವಿರದ ಚಿಲ್ಲರೆ. ಪರದೆ, ಒಲೆ, ಟರ್ಪಾಲಿನ ದುಡ್ಡು ಇದರಲ್ಲಿಲ್ಲ. ಅವು ಮುಂದಿನ ವರ್ಷಕ್ಕೂ ಆಗುತ್ತವೆ. ಲಾಂಗ್ ಐಲ್ಯಾಂಡಿನಿಂದ ಹ್ಯಾವ್‌ಲಾಕಿಗೆ ಫೆರಿ ವಾರದಲ್ಲಿ ಕೆಲವೇ ದಿನ. ಅದನ್ನು ಮೊದಲು ವಿಚಾರಿಸಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಉಳಿದ ದಿನಗಳನ್ನು ಜೋಡಿಸಿ. ಕೊನೆಗೆ ಎರಡು ದಿನ ಖಾಲಿ ಇಡಿ, ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ. ಮಂಗಳೂರಿನ ಆ ಏಜೆಂಟ್ ಮೊನ್ನೆ ಫೋನ್ ಮಾಡಿ ತೋಟದವರ ನಂಬರ್ ಕೇಳಿದ. ಕೊಡಲಿಲ್ಲ.